ಹಗಲು ನಿದ್ದೆಯ ಕಾವಲು

ಸಂತೆಮರಹಳ್ಳಿಯ ವೃತ್ತದಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಂತರೆ ಕಿವಿಗೂ ಮೂಗಿಗೂ ಒಂದು ಗಳಿಗೆ ಬಿಡುವಿಲ್ಲ. ಚಾಮರಾಜನಗರದ ಕಡೆಯಿಂದ ಬಂದ ಬಸ್ಸು ಉಸ್ಸೆಂದು ಬ್ರೇಕು ಹಾಕುವಷ್ಟರಲ್ಲಿ ಯಳಂದೂರು ದಾಟಿ ಬಂದ ಕೊಳ್ಳೇಗಾಲದ ಬಸ್ಸು ಎದುರಿಗೆ ನಿಂತಿರುತ್ತದೆ. ಮೂಗೂರಿನ ಮೇಲೆ ತಿ. ನರಸೀಪುರದಿಂದ ಬಂದದ್ದು ಒಂದು, ಕವಲಂದೆ ಹಾದು ನಂಜನಗೂಡಿನಿಂದ ಬಂದದ್ದು ಇನ್ನೊಂದು. ನಾಲ್ಕು ದಿಕ್ಕಿನ ಜನ ಇಲ್ಲಿ ಇಳಿದು, ಚೀಲ ಹೆಗಲಿಗೇರಿಸಿ, ಮಕ್ಕಳ ಕೈ ಎಳೆದುಕೊಂಡು ಬೇರೊಂದು ದಿಕ್ಕಿನ ಬಸ್ಸಿಗೆ ಓಡುತ್ತಾರೆ. ಬಾಳೆಗೊನೆ ಹೇರಿಕೊಂಡ ಗೂಡ್ಸ್ ಆಟೊ, ಕಬ್ಬಿನ ಟ್ರಾಕ್ಟರು, ಬೋಂಡಾದ ಬಾಣಲೆಯಿಂದ ಏಳುವ ಎಣ್ಣೆಯ ಕಮಟು, ಡೀಸೆಲ್ಲಿನ ಹೊಗೆ, ಹೂವಿನಾಕೆಯ ಬುಟ್ಟಿಯಲ್ಲಿ ನೀರು ಚಿಮುಕಿಸಿಟ್ಟ ಸೇವಂತಿಗೆಯ ಘಮ, ಎಲ್ಲ ಒಂದರೊಳಗೊಂದು ಬೆರೆತುಹೋಗಿರುತ್ತವೆ. ಪೂರ್ವಕ್ಕೆ ಕಣ್ಣು ಹಾಯಿಸಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ಬಿಸಿಲಿನಲ್ಲಿ ಮಸುಕಾಗಿ ಕಾಣುತ್ತದೆ.

ಈ ಗದ್ದಲ ಬಿಟ್ಟು ನನ್ನ ಜೊತೆ ಒಂದು ಬೀದಿ ಒಳಗೆ ಬನ್ನಿ. ಚಪ್ಪಲಿಯ ಸದ್ದು ಮಾಡಬೇಡಿ. ಎಡಕ್ಕೆ ಮೂರು ಮೆಟ್ಟಿಲಿನ ಒಂದು ಮನೆ. ಬಾಗಿಲು ಅರ್ಧ ಮುಚ್ಚಿದೆ. ಜಗಲಿಯ ಮೇಲೆ ಕೂತ ಹೆಣ್ಣುಮಗಳು ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾರೆ. ಕಾಳು ಪಾತ್ರೆಗೆ ಬಿದ್ದು ಟಣ್ಣೆನ್ನದಿರಲಿ ಎಂದು ಪಾತ್ರೆಯ ತಳಕ್ಕೆ ಹಳೆ ಬಟ್ಟೆ ಹಾಸಿದ್ದಾರೆ. ಬೀದಿಯ ತುದಿಯಲ್ಲಿ ಸೊಪ್ಪಿನ ಗಾಡಿಯವನು ಕಾಣಿಸಿಕೊಂಡು ಬಾಯಿ ತೆರೆಯುವ ಮೊದಲೇ ಇವರ ಕೈ ಮೇಲೇಳುತ್ತದೆ. ಅವನಿಗೆ ಅದು ಅರ್ಥವಾಗುತ್ತದೆ. ಕೂಗದೆ ಬಂದು, ಎರಡು ಕಟ್ಟು ದಂಟಿನ ಸೊಪ್ಪು ಜಗಲಿಯ ಮೇಲಿಟ್ಟು, ಮುಂದಿನ ಮನೆ ದಾಟಿದ ಮೇಲೆ ಮತ್ತೆ ‘ಸೊಪ್ಪೂ’ ಎಂದು ದನಿ ಎತ್ತುತ್ತಾನೆ.

ಒಳಗೆ ಮಲಗಿರುವವರು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸಿನ ಡ್ರೈವರು. ರಾತ್ರಿಯೆಲ್ಲ ಸ್ಟೇರಿಂಗು ಹಿಡಿದು, ನಸುಕಿನಲ್ಲಿ ಗಾಡಿಯನ್ನು ಡಿಪೋಗೆ ಬಿಟ್ಟು, ಲಾಗ್‌ಶೀಟ್ ಕೊಟ್ಟು, ಅರ್ಧ ಗಂಟೆ ಬೈಕಿನಲ್ಲಿ ಮನೆಗೆ ಬಂದು, ಬಿಸಿನೀರು ಹುಯ್ದುಕೊಂಡು ಮಲಗಿದ್ದಾರೆ. ಕೋಣೆಯ ಕಿಟಕಿಗೆ ಕಂದು ಬಣ್ಣದ ಕಂಬಳಿಯೊಂದನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದಾರೆ. ಹನ್ನೊಂದರ ಬಿಸಿಲು ಅದರ ನೇಯ್ಗೆಯ ಸಂದಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳಾಗಿ ಮಾತ್ರ ಒಳಗೆ ಬರುತ್ತದೆ. ಫ್ಯಾನು ಐದರಲ್ಲಿ ತಿರುಗುತ್ತಿದೆ. ಅದು ಗಾಳಿಗೆಷ್ಟೋ ಅಷ್ಟೇ ಸದ್ದಿಗೂ ಬೇಕು. ಹೊರಗಿನ ಶಬ್ದವನ್ನು ಅದರ ಗರಗರ ತಿಂದುಹಾಕುತ್ತದೆ. ಅಡುಗೆಮನೆಯಲ್ಲಿ ಕುಕ್ಕರಿನ ವೆಯ್ಟು ಮೊಳೆಗೆ ನೇತುಬಿದ್ದಿದೆ. ಯಜಮಾನರು ಹಗಲು ಮಲಗಿದ ದಿನ ಈ ಮನೆಯಲ್ಲಿ ಕುಕ್ಕರು ಕೂಗುವುದಿಲ್ಲ, ಮಿಕ್ಸಿ ತಿರುಗುವುದಿಲ್ಲ. ಅನ್ನ ತಪ್ಪಲೆಯಲ್ಲಿ ಬೇಯುತ್ತದೆ, ಉಪ್ಪೆಸ್ರಿನ ಖಾರವನ್ನು ಹಿತ್ತಲ ಕಲ್ಲಿನ ಮೇಲೆ ಅರೆಯುತ್ತಾರೆ. ಕಾಯಿ ಒಡೆಯುವುದನ್ನೂ ಮಧ್ಯಾಹ್ನದವರೆಗೆ ಮುಂದೂಡುತ್ತಾರೆ.

ಬೀದಿಯವರಿಗೆ ಈಕೆ ‘ಡ್ರೈವರ್ ಮನೆ ಅಕ್ಕ’. ಈ ಬರಹಕ್ಕೂ ಅಷ್ಟು ಸಾಕು. ಇಂಥ ಅಕ್ಕಂದಿರು ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ನಂಜನಗೂಡಿನ ಡಿಪೋಗಳ ಸುತ್ತಲಿನ ಊರೂರಲ್ಲೂ ಇದ್ದಾರೆ. ಈ ನಾಲ್ಕೂ ಘಟಕಗಳು ಸೇರಿ ನಿಗಮದ ಚಾಮರಾಜನಗರ ವಿಭಾಗವಾಗಿದೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು; 1961ರ ಆಗಸ್ಟ್ 1ರಂದು ನಿಗಮವಾಯಿತು. ಅಂದರೆ ಈ ನಾಡಿನ ಎಷ್ಟೋ ಮನೆಗಳಲ್ಲಿ ಕಿಟಕಿಗೆ ಕಂಬಳಿ ಇಳಿಬಿಟ್ಟು ಮಕ್ಕಳನ್ನು ‘ಶ್’ ಎಂದು ಗದರಿಸುವ ಹೆಂಗಸರ ದುಡಿಮೆಗೆ ಮುಕ್ಕಾಲು ಶತಮಾನ ದಾಟಿದೆ. ಅದನ್ನು ಯಾವ ಲಾಗ್‌ಶೀಟಿನಲ್ಲೂ ಯಾರೂ ಬರೆದಿಲ್ಲ.

ಕೋಣೆಯ ಹೊರಗೋಡೆಗೆ ಒಂದು ಕ್ಯಾಲೆಂಡರು ತೂಗಿದೆ. ಹಬ್ಬ, ಅಮಾವಾಸ್ಯೆ, ರಾಹುಕಾಲಗಳ ನಡುವೆ ನೀಲಿ ಪೆನ್ನಿನಲ್ಲಿ ಈಕೆಯದೇ ಒಂದು ಲಿಪಿ. ‘ಎನ್‌ಓ’ ಎಂದರೆ ನೈಟ್ ಔಟ್. ‘ಜ’ ಎಂದರೆ ಜನರಲ್ ಶಿಫ್ಟು. ಸುತ್ತು ಹಾಕಿದ ದಿನ ವಾರದ ರಜೆ. ಅಲ್ಲಲ್ಲಿ ಸುತ್ತನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಬರಬೇಕಿದ್ದ ಇನ್ನೊಬ್ಬ ಚಾಲಕರು ಬಾರದೆ ಇವರೇ ಗಾಡಿ ಹತ್ತಿದ ದಿನಗಳವು. ಹಾಲಿನವರ ಲೆಕ್ಕ, ಗ್ಯಾಸು ತೆಗೆದುಕೊಂಡ ದಿನ, ಮಗಳ ಪರೀಕ್ಷೆ, ಅತ್ತೆಯವರ ಬಿ.ಪಿ. ಮಾತ್ರೆ ಮುಗಿಯುವ ದಿನ ಎಲ್ಲವೂ ಆ ನೀಲಿ ಗುರುತುಗಳ ಆಸುಪಾಸಿನಲ್ಲೇ ಜಾಗ ಮಾಡಿಕೊಂಡಿವೆ. ನೆಂಟರಿಷ್ಟರು ಮದುವೆಯ ಓಲೆ ತಂದರೆ ಈಕೆ ಮೊದಲು ನೋಡುವುದು ಮುಹೂರ್ತವನ್ನಲ್ಲ, ಈ ಕ್ಯಾಲೆಂಡರನ್ನು. ‘ಆವತ್ತು ಅವರಿಗೆ ಡ್ಯೂಟಿ ಅದ. ನಾನು, ಮಕ್ಕ ಬತ್ತೀವಿ’ ಎಂದು ಹೇಳಿ ಹೇಳಿ ಬಾಯಿಪಾಠವಾಗಿದೆ. ಮದುವೆಯ ಫೋಟೊಗಳಲ್ಲಿ ಈಕೆಯ ಪಕ್ಕ ಸಾಮಾನ್ಯವಾಗಿ ನಾದಿನಿಯೋ ಓರಗಿತ್ತಿಯೋ ನಿಂತಿರುತ್ತಾರೆ.

ಮೂರು ಗಂಟೆಗೆ ಕೋಣೆಯ ಚಿಲಕ ಸರಿಯುತ್ತದೆ. ಆ ಒಂದು ಸದ್ದಿಗೆ ಇಡೀ ಮನೆ ಸಡಿಲವಾಗುತ್ತದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಸಪ್ಪಳ ಎದ್ದುಬರುತ್ತದೆ, ಪಕ್ಕದ ಮನೆಯವರು ಕೂಡ ಟಿ.ವಿ. ದನಿ ಏರಿಸುತ್ತಾರೆ. ಶಾಲೆಯಿಂದ ಬಂದ ಮಗ ಬ್ಯಾಗು ಎಸೆದು ಅಪ್ಪನ ಬೆನ್ನಿಗೆ ಜೋತುಬೀಳುತ್ತಾನೆ. ಮುದ್ದೆ, ಉಪ್ಪೆಸ್ರು, ಅವರೆಕಾಳಿನ ಪಲ್ಯ. ಉಣ್ಣುವವರ ಎದುರು ಕೂತು ಈಕೆ ಎರಡು ದಿನದ ಮಾತುಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ನಾಳೆಗೆ ಬಿಡಬೇಕು ಎಂಬ ಲೆಕ್ಕ ಅವರಿಗಿದೆ. ಚಕ್ರದ ಮೇಲೆ ಕೂರುವ ಮನುಷ್ಯನ ತಲೆಯಲ್ಲಿ ಬೇಡದ ಚಿಂತೆ ತುಂಬಿ ಕಳಿಸಬಾರದು. ಸಂಘದ ಸಾಲದ ಕಂತು, ಅತ್ತೆಯ ಮಂಡಿನೋವು, ಮಗನ ಅಂಕಪಟ್ಟಿ, ಇವೆಲ್ಲ ವಾರದ ರಜೆಯ ದಿನದ ಮಾತುಗಳು. ಡ್ಯೂಟಿಗೆ ಹೊರಡುವ ಹೊತ್ತಿನಲ್ಲಿ ಜಗಳ ಮಾಡಬಾರದೆಂಬ ಒಂದು ಕಟ್ಟಳೆ ಡ್ರೈವರುಗಳ ಮನೆಗಳಲ್ಲಿದೆ. ಸಿಟ್ಟು ಬಂದರೂ ನುಂಗಿಕೊಳ್ಳುವವರು ಈಕೆಯೇ. ಅದೆಷ್ಟು ಕಷ್ಟದ ಕೆಲಸವೆಂದು ಸಂಸಾರ ಮಾಡಿದವರಿಗೆ ಗೊತ್ತು.

ಹೊರಡುವ ಹಿಂದಿನ ಸಂಜೆ ಕಾಖಿ ಬಟ್ಟೆಯ ಇಸ್ತ್ರಿ. ಅಂಗಿಯ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಾಗ ಏಳುವ ಆವಿಯ ವಾಸನೆ ಈ ಮನೆಯ ಮಕ್ಕಳಿಗೆ ಅಪ್ಪನ ವಾಸನೆ. ಚೀಲಕ್ಕೆ ತುಂಬುವುದನ್ನು ನೋಡಿ: ಒಂದು ತೆಳು ಬೆಡ್‌ಶೀಟು, ಲುಂಗಿ, ಟವೆಲು, ಸೊಳ್ಳೆ ಬತ್ತಿ, ಬೆಂಕಿಪೊಟ್ಟಣ, ಟಾರ್ಚು, ಎರಡು ಲೀಟರಿನ ನೀರಿನ ಬಾಟಲಿ, ಗ್ಯಾಸ್ಟ್ರಿಕ್ಕಿನ ಮಾತ್ರೆ, ಸೊಂಟಕ್ಕೆ ಹಚ್ಚುವ ಮುಲಾಮು. ರಾತ್ರಿಯ ಊಟಕ್ಕೆ ಟೊಮೆಟೊ ಬಾತು, ಮೊಸರನ್ನ, ನಿಂಬೆ ಉಪ್ಪಿನಕಾಯಿ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ. ಸಂಜೆಯ ಹೊತ್ತಿಗೆ ಹುಳಿಯಾಗದಂತೆ. ನೈಟ್ ಹಾಲ್ಟ್ ಎಂದರೆ ಕೊನೆಯ ಊರಿನಲ್ಲಿ ಬಸ್ಸು ನಿಲ್ಲಿಸಿ, ಬೆಳಗಿನ ಮೊದಲ ಟ್ರಿಪ್ಪಿನವರೆಗೆ ಅಲ್ಲೇ ತಂಗುವುದು. ಒಳ್ಳೆಯ ಊರಾದರೆ ಪಂಚಾಯ್ತಿಯವರು ಕೋಣೆ ಬಿಟ್ಟುಕೊಟ್ಟಿರುತ್ತಾರೆ. ಇಲ್ಲವಾದರೆ ಗುಡಿಯ ಜಗಲಿ, ಅದೂ ಇಲ್ಲವಾದರೆ ಬಸ್ಸಿನ ಉದ್ದ ಸೀಟು. ಡ್ರೈವರು ಹಿಂದಿನ ಸೀಟಿನಲ್ಲಿ, ಕಂಡಕ್ಟರು ಹಣದ ಚೀಲ ತಲೆಯಡಿ ಇಟ್ಟುಕೊಂಡು ಮುಂದೆ.

ಈ ಮನೆಯವರಿಗೊಂದು ಭಾಗ್ಯವಿದೆ. ಇವರು ಓಡಿಸುವ ಗಾಡಿ ಎಷ್ಟೋ ದಿನ ಇದೇ ವೃತ್ತದ ಮೇಲೆ ಹಾಯುತ್ತದೆ. ಬಸ್ಸು ಬರುವ ವೇಳೆ ಈಕೆಗೆ ಬೆರಳ ತುದಿಯಲ್ಲಿದೆ. ಬೀದಿಯ ಬಾಯಿಯಲ್ಲಿ ಮಗನ ಕೈ ಹಿಡಿದು ನಿಂತಿರುತ್ತಾರೆ. ಜನ ಇಳಿದು ಹತ್ತುವ ಎರಡು ಮೂರು ನಿಮಿಷ ಅಷ್ಟೇ. ಡ್ರೈವರು ಕಿಟಕಿಯಿಂದ ಕತ್ತು ಹೊರಗೆ ಚಾಚುತ್ತಾರೆ. ಮರೆತುಬಂದ ಕನ್ನಡಕವೋ ಬಿಸಿ ಇಡ್ಲಿಯ ಡಬ್ಬಿಯೋ ಕೈಯಿಂದ ಕೈಗೆ ಹೋಗುತ್ತದೆ. ಕಂಡಕ್ಟರು ಒಂದು ಗಳಿಗೆ ಹೆಚ್ಚೇ ತಡೆದು ಆಮೇಲೆ ರೈಟ್ ಹೇಳುತ್ತಾರೆ. ಬಸ್ಸು ಕೊಳ್ಳೇಗಾಲದ ದಾರಿ ಹಿಡಿಯುವಾಗ ಎರಡು ಪುಟ್ಟ ಹಾರನ್ನು. ಬಸ್ಸಿನಲ್ಲಿ ಕೂತ ಐವತ್ತು ಜನಕ್ಕೂ ಅದು ಬರೀ ಹಾರನ್ನು.

ಗುಂಡ್ಲುಪೇಟೆ ಡಿಪೋದವರ ಮನೆಗಳಲ್ಲಿ ಕಾಯುವಿಕೆಗೆ ಕಾಡಿನ ಲೆಕ್ಕವೂ ಸೇರುತ್ತದೆ. ಅಲ್ಲಿಂದ ಹೊರಡುವ ದಾರಿಗಳಲ್ಲಿ ಒಂದು ಮದ್ದೂರು, ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಮೇಲುಕಾಮನಹಳ್ಳಿ ದಾಟಿ ಊಟಿಗೆ. ಎರಡೂ ಬಂಡೀಪುರದ ಹುಲಿಗಳ ಮನೆಯೊಳಗಿನ ದಾರಿ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ವಾಹನ ಸಂಚಾರ ನಿಷೇಧ. ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಕಾಡಿನ ಜೀವಗಳಿಗೆ ಅದು ಬೇಕಾದ ಕಾನೂನು, ಅದರಲ್ಲಿ ನನಗೆ ಎರಡು ಮಾತಿಲ್ಲ. ಡ್ರೈವರಿನ ಹೆಂಡತಿಗೆ ಮಾತ್ರ ಅದು ಗೋಡೆ ಗಡಿಯಾರದ ಮೇಲೆ ಎಳೆದ ಒಂದು ಗೆರೆ. ಎಂಟೂಮುಕ್ಕಾಲಿಗೆ ಗಾಡಿ ಗೇಟು ದಾಟಿತೋ ಇಲ್ಲವೋ? ಒಳಗೆ ಹೊಕ್ಕರೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಒಂಟಿ ಸಲಗ ರಸ್ತೆಗೆ ಅಡ್ಡ ನಿಂತರೆ ಬಸ್ಸು ದೀಪ ಇಳಿಸಿ, ಎಂಜಿನ್ನು ಸಣ್ಣಗೆ ಗುರುಗುಟ್ಟಿಸುತ್ತ ನಿಲ್ಲಬೇಕು, ಅದು ತಾನಾಗಿ ಸರಿದುಹೋಗುವವರೆಗೆ. ಆ ಅರ್ಧ ಗಂಟೆ ಬಸ್ಸಿನೊಳಗಿನವರಿಗೆ ರೋಮಾಂಚನ. ಅವರೆಲ್ಲ ಕಿಟಕಿಯಿಂದ ಮೊಬೈಲು ಹಿಡಿದಿರುತ್ತಾರೆ. ಮನೆಯಲ್ಲಿರುವಾಕೆಗೆ ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಹೆಣ್ಣುದನಿ.

ಚಾಮರಾಜನಗರದಿಂದ ಪುಣಜನೂರು ದಾಟಿ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದಲ್ಲೂ ಇಂಥದೇ ಕಥೆ. ಇಪ್ಪತ್ತೇಳು ಹೇರ್‌ಪಿನ್ ತಿರುವುಗಳು. ಒಂದೊಂದು ತಿರುವಿನಲ್ಲೂ ಎದುರಿನ ಕಬ್ಬಿನ ಲಾರಿಗೆ ದಾರಿ ಬಿಟ್ಟು, ಹಿಂದೆ ಸರಿದು, ಮತ್ತೆ ತಿರುಗಿಸಿಕೊಳ್ಳಬೇಕು. ಹಾಸನೂರಿನ ಆಸುಪಾಸಿನ ಆನೆಗಳು ಕಬ್ಬಿನ ಲಾರಿಯನ್ನು ಅಡ್ಡಗಟ್ಟಿ ಜಲ್ಲೆ ಎಳೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿವೆ. 2022ರ ಫೆಬ್ರುವರಿಯಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಅಲ್ಲೂ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದಿದೆ. ಘಟ್ಟ ಇಳಿದ ಮೇಲೆ ಡ್ರೈವರುಗಳು ಚಹಾ ಕುಡಿಯುವ ಮೊದಲು ಮನೆಗೆ ಫೋನು ಮಾಡುತ್ತಾರೆ. ಮಾತೇನೂ ಹೆಚ್ಚಿರುವುದಿಲ್ಲ.

‘ಉಂಡ್ರಾ?’

‘ಇನ್ನೂ ಇಲ್ಲ. ಈಗ ಇಳ್ದಿ. ಮಕ್ಕ ಮನಗಿದ್ದವಾ?’

‘ಮನಗವ. ಹುಷಾರು.’

‘ಬಾಗ್ಲು ಭದ್ರವಾಗಿ ಹಾಕ್ಕೊ.’

ಇಷ್ಟೇ. ಈ ‘ಹುಷಾರು’ ಮತ್ತು ‘ಬಾಗ್ಲು ಹಾಕ್ಕೊ’ ನಡುವೆ ಒಂದು ಸಂಸಾರದ ಎಲ್ಲ ಪ್ರೀತಿಯೂ ಎಲ್ಲ ದಿಗಿಲೂ ಅಡಗಿರುತ್ತವೆ. ಆಮೇಲೆ ಈಕೆ ಒಳಚಿಲಕ ಹಾಕಿ, ಹಿತ್ತಲ ಬಾಗಿಲಿಗೆ ಒನಕೆ ಒರಗಿಸಿ, ದನಕ್ಕೆ ಇನ್ನೊಂದು ಹಿಡಿ ಹುಲ್ಲು ಹಾಕಿದ್ದೆನೋ ಇಲ್ಲವೋ ಎಂದು ಎದ್ದು ಹೋಗಿ ನೋಡಿ ಬರುತ್ತಾರೆ. ಮಗುವಿಗೆ ರಾತ್ರಿ ಜ್ವರ ಬಂದರೆ ತೀರ್ಮಾನ ಈಕೆಯದು. ಹಾವು ನುಗ್ಗಿದರೆ, ಮೋಟಾರು ಸುಟ್ಟರೆ, ಅತ್ತೆ ಬಚ್ಚಲಲ್ಲಿ ಜಾರಿದರೆ, ಮೊದಲು ಆಟೊದವನಿಗೆ ಫೋನು, ಆಮೇಲೆ ತಮ್ಮನಿಗೆ, ಎಲ್ಲ ಒಂದು ದಡ ಸೇರಿದ ಮೇಲೆ ಗಂಡನಿಗೆ. ‘ಆಗಲೇ ಯಾಕೆ ಹೇಳಲಿಲ್ಲ’ ಎಂದು ಅವರು ಕೇಳುತ್ತಾರೆ. ಗಾಡಿಯಲ್ಲಿ ಐವತ್ತು ಜೀವ ಇರುವಾಗ ಹೇಳುವುದು ಹೇಗೆ?

ಹಬ್ಬದ ಮಾತೆತ್ತಿದರೆ ಈ ಸೀಮೆಯ ಡ್ರೈವರುಗಳ ಮನೆಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೆಸರು ಬಂದೇ ಬರುತ್ತದೆ. ಮಾದಪ್ಪ ಈ ನಾಡಿನ ಒಕ್ಕಲುಗಳ ದೈವ. ದೀಪಾವಳಿ, ಶಿವರಾತ್ರಿ, ಯುಗಾದಿಯ ಜಾತ್ರೆಗಳಿಗೂ ಪ್ರತಿ ಅಮಾವಾಸ್ಯೆಗೂ ಜನ ಸಾಗರದಂತೆ ಹರಿಯುತ್ತಾರೆ. ನಿಗಮ ವಿಶೇಷ ಬಸ್ಸು ಬಿಡುತ್ತದೆ, ರಜೆಗಳು ರದ್ದಾಗುತ್ತವೆ. ತಾಳುಬೆಟ್ಟದಿಂದ ಮೇಲಕ್ಕೆ ಉಘೇ ಉಘೇ ಎನ್ನುವ ಜನ ತುಂಬಿದ ಗಾಡಿಯನ್ನು ತಿರುವಿನ ಮೇಲೆ ತಿರುವು ಹತ್ತಿಸುತ್ತ ಈ ಮನೆಯ ಯಜಮಾನರು ಹಬ್ಬ ಕಳೆಯುತ್ತಾರೆ. ಮನೆಯಲ್ಲಿ ಈಕೆ ಬಾಗಿಲಿಗೆ ತೋರಣ ಕಟ್ಟಿ, ಒಬ್ಬಟ್ಟು ತಟ್ಟಿ, ಎಡೆ ಹಾಕಿ, ಒಂದೆರಡನ್ನು ಬಾಳೆಲೆಯಲ್ಲಿ ಸುತ್ತಿ ಎತ್ತಿಡುತ್ತಾರೆ. ಮೂರನೆಯ ದಿನ ಅವರು ಬಂದಾಗ ಅದನ್ನೇ ತುಪ್ಪ ಸವರಿ ಕಾವಲಿಯ ಮೇಲೆ ಬಿಸಿ ಮಾಡಿದರೆ ಮನೆಯಲ್ಲಿ ಎರಡನೆಯ ಸಲ ಹಬ್ಬವಾಗುತ್ತದೆ. ಮಕ್ಕಳು ಆ ಎರಡನೆಯ ಹಬ್ಬಕ್ಕೇ ಹೊಸಬಟ್ಟೆ ಕಾದಿಟ್ಟಿರುವುದೂ ಉಂಟು.

ಡ್ರೈವರ ಗೈರುಹಾಜರಿ ಎಂದಾಗ ಈ ಊರಿನವರಿಗೆ ಇನ್ನೊಂದು ಸಂಗತಿಯೂ ನೆನಪಾಗುತ್ತದೆ. ಸಂತೆಮರಹಳ್ಳಿ ಒಂದು ಕಾಲಕ್ಕೆ ವಿಧಾನಸಭಾ ಕ್ಷೇತ್ರವಾಗಿತ್ತು. 2004ರ ಚುನಾವಣೆಯಲ್ಲಿ ಇಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದವು. ಒಂದೇ ಒಂದು ಮತದ ಗೆಲುವು. ಸೋತವರ ಕಾರಿನ ಚಾಲಕರಿಗೆ ಅಂದು ಕೆಲಸದ ನಡುವೆ ಮತ ಹಾಕಲು ಬಿಡುವೇ ಸಿಗಲಿಲ್ಲವೆಂಬ ಮಾತು ಅಂದಿನಿಂದ ಇಂದಿನವರೆಗೆ ನಾಡಿನ ತುಂಬ ಓಡಾಡುತ್ತಿದೆ. 2008ರ ಹೊತ್ತಿಗೆ ಕ್ಷೇತ್ರವೇ ಇಲ್ಲವಾಯಿತು. ಮತಗಟ್ಟೆಗೆ ಸಿಬ್ಬಂದಿಯನ್ನು ಹೊತ್ತೊಯ್ಯುವ ಬಸ್ಸುಗಳ ಚಾಲಕರು ಇವತ್ತಿಗೂ ಚುನಾವಣೆಯ ದಿನ ಮನೆಯಿಂದ ದೂರವೇ. ಮನೆಯ ಹೆಂಗಸರು ಒಬ್ಬರೇ ಸಾಲಿನಲ್ಲಿ ನಿಂತು ಬೆರಳಿಗೆ ಮಸಿ ಹಾಕಿಸಿಕೊಂಡು ಬರುತ್ತಾರೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರ ಬಸ್ ಪ್ರಯಾಣ ಉಚಿತವಾಯಿತು. ಬಸ್ಸುಗಳು ತುಂಬಿದವು, ಚಾಲಕ ನಿರ್ವಾಹಕರ ಬೆವರೂ ಹೆಚ್ಚಿತು. ಈಕೆಗೆ ಅದರಿಂದ ಒದಗಿದ ಸುಖ ಬೇರೆಯೇ. ತವರಿಗೆ ಹೋಗುವ ದಿನವನ್ನು ಗಂಡನ ಗಾಡಿಯ ಹೊತ್ತಿಗೆ ಹೊಂದಿಸಿಕೊಂಡು, ಶೂನ್ಯ ಟಿಕೆಟ್ ಹರಿಸಿಕೊಂಡು, ಎಡಗಡೆಯ ಎರಡನೆಯ ಸೀಟಿನಲ್ಲಿ ಕೂರುತ್ತಾರೆ. ಡ್ಯೂಟಿಯಲ್ಲಿರುವ ಡ್ರೈವರ ಜೊತೆ ಮಾತಾಡುವಂತಿಲ್ಲ, ಈಕೆ ಆಡುವುದೂ ಇಲ್ಲ. ಆದರೆ ಅವರ ಹೆಗಲು, ಗೇರು ಹಾಕುವ ಕೈ, ಕನ್ನಡಿಯಲ್ಲಿ ಆಗಾಗ ಹಿಂದಕ್ಕೆ ಹೊರಳುವ ಕಣ್ಣು ಕಾಣುತ್ತವೆ. ಎಮ್ಮೆ ಅಡ್ಡ ಬಂದಾಗ, ಬೈಕಿನ ಹುಡುಗ ಎಡಕ್ಕೆ ನುಗ್ಗಿದಾಗ, ಚಿಲ್ಲರೆಗಾಗಿ ಯಾರೋ ಕಂಡಕ್ಟರಿಗೆ ಬೈದಾಗ ಆ ಕತ್ತಿನ ನರ ಬಿಗಿಯುವುದು ಕಾಣುತ್ತದೆ. ಮನೆಗೆ ಬಂದವರು ಒಂದು ಗಂಟೆ ಯಾರೊಂದಿಗೂ ಮಾತಾಡದೆ ಕೂರುವುದು ಏಕೆಂದು ಮದುವೆಯಾದ ಎಷ್ಟೋ ವರ್ಷಗಳ ಮೇಲೆ ಆ ಸೀಟಿನಲ್ಲಿ ಕೂತಾಗ ತಿಳಿಯಿತು ಎನ್ನುತ್ತಾರೆ.

ಮೈಸೂರಿಗೆ ಹೋಗುವ ಬಸ್ಸು ನಂಜನಗೂಡು ದಾಟಿದ ಮೇಲೆ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಹಾಯುತ್ತದೆ. 2010ರಲ್ಲಿ ಅಲ್ಲಿ ಪ್ರಯಾಣಿಕರ ವಿಮಾನಗಳ ಓಡಾಟ ಶುರುವಾಯಿತು. ರೆಕ್ಕೆಯ ಎರಡು ಕಡೆ ಪಂಖ ತಿರುಗಿಸುತ್ತ ಸಣ್ಣ ವಿಮಾನವೊಂದು ತಗ್ಗಿ ಬಂದು ನೆಲ ಮುಟ್ಟುವುದನ್ನು ಬಸ್ಸಿನ ಮಕ್ಕಳೆಲ್ಲ ಎದ್ದುನಿಂತು ನೋಡುತ್ತಾರೆ. ಅದನ್ನು ಓಡಿಸುವವರಿಗೂ ಎಲ್ಲೋ ಒಂದು ಮನೆ ಇದೆ. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕಿಟಕಿಗೆ ದಪ್ಪ ಪರದೆ ಎಳೆದು, ಕರೆಗಂಟೆಯ ಸದ್ದು ಅಡಗಿಸಿ, ಕೆಲಸದಾಕೆಗೆ ಮಧ್ಯಾಹ್ನ ಬಾ ಎಂದು ಹೇಳಿ, ಹಗಲು ಮಲಗಿದ ಪೈಲಟ್ ಗಂಡನ ಅಥವಾ ಪೈಲಟ್ ಹೆಂಡತಿಯ ನಿದ್ದೆ ಕಾಯುವ ಜೀವವೊಂದಿರುತ್ತದೆ. ಅವರದೂ ರೋಸ್ಟರು, ಅವರದೂ ಬೇರೆ ಊರಿನಲ್ಲಿ ತಂಗುವ ರಾತ್ರಿ, ಅವರ ಮನೆಯಲ್ಲೂ ಹಬ್ಬ ಮೂರು ದಿನ ತಡ. ಸಂಬಳದಲ್ಲಿ ಹೋಲಿಕೆಯಿಲ್ಲ, ತಂಗುವ ಹೋಟೆಲಿಗೂ ಬಸ್ಸಿನ ಹಿಂಬದಿ ಸೀಟಿಗೂ ಹೋಲಿಕೆಯಿಲ್ಲ. ‘ಇಳಿದೆ’ ಎಂಬ ಒಂದು ಮಾತಿಗಾಗಿ ಫೋನಿನ ಮೇಲೆ ಕಣ್ಣಿಟ್ಟು ಕೂರುವುದರಲ್ಲಿ ಮಾತ್ರ ಯಾವ ವ್ಯತ್ಯಾಸವೂ ಇಲ್ಲ.

ಪೈಲಟ್‌ಗಳ ನಿದ್ದೆಯ ಬಗ್ಗೆ ದೇಶ ಮಾತಾಡಿದ್ದು ಈಚೆಗೆ. ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲವೆಂಬ ಮಿತಿ ಮೊದಲೇ ಇತ್ತು. 2025ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತು. ನವೆಂಬರ್ 1ರಿಂದ ವಾರಕ್ಕೆ ಆರು ರಾತ್ರಿ ಇಳಿಸುವಿಕೆಯ ಬದಲು ಎರಡೇ ಸಾಕೆಂದಿತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ಸಂಸ್ಥೆಗೆ ಆ ಲೆಕ್ಕಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಲಾಗದೆ ಸಾವಿರಾರು ವಿಮಾನಗಳು ರದ್ದಾದವು. ನಿದ್ದೆ ಒಂದು ಸುದ್ದಿಯಾಯಿತು. ಬಸ್ಸು ಲಾರಿಗಳ ಚಾಲಕರಿಗೂ ಇಂಥದೊಂದು ಲೆಕ್ಕ ಬಹಳ ಹಿಂದೆಯೇ ಬರೆದಿಟ್ಟದ್ದಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎಂದಿತು. ದೂರದ ಮಾರ್ಗಗಳಿಗೆ 10 ಮತ್ತು 54ರವರೆಗೆ ಸಡಿಲ ಕೊಟ್ಟಿತು. ಹಾಳೆಯ ಮೇಲಿನ ಲೆಕ್ಕ ಸರಿ. ಆದರೆ ಡಿಪೋದಿಂದ ಮನೆಗೆ ಬರುವ ಹೊತ್ತು, ಸೊಳ್ಳೆಯ ಕಾಟದಲ್ಲಿ ಕಣ್ಣು ಮುಚ್ಚದ ನೈಟ್ ಹಾಲ್ಟು, ಬೀದಿಯಲ್ಲಿ ಗಣೇಶನ ಮೈಕು ಕಟ್ಟಿದ ಹಗಲು ಆ ಗಂಟೆಗಳಲ್ಲಿ ಸೇರುವುದಿಲ್ಲ. ಕಾಯ್ದೆ ಬಿಡುವನ್ನು ಕೊಡಬಲ್ಲದು. ಆ ಬಿಡುವಿನೊಳಗೆ ನಿದ್ದೆಯನ್ನು ತುಂಬುವವರು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತ ಈ ಹೆಂಗಸರು.

ಅವರು ಒಂದೇ ಒಂದು ಸಲ ಊರಿಗೆಲ್ಲ ಕೇಳುವಂತೆ ಸದ್ದು ಮಾಡಿದ್ದು 2021ರ ಏಪ್ರಿಲ್‌ನಲ್ಲಿ. ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ ಎಂದು ಏಪ್ರಿಲ್ 7ರಿಂದ ರಾಜ್ಯದ ಸಾರಿಗೆ ನೌಕರರು ಎರಡು ವಾರ ಮುಷ್ಕರ ಹೂಡಿದ್ದರು. ಯುಗಾದಿಯ ಹಿಂದಿನ ದಿನ, ಏಪ್ರಿಲ್ 12ರಂದು, ನೌಕರರ ಹೆಂಡಿರು ಮಕ್ಕಳು ಜಿಲ್ಲೆ ತಾಲ್ಲೂಕು ಕೇಂದ್ರಗಳಲ್ಲಿ ತಟ್ಟೆ ಲೋಟ ಹಿಡಿದು ಬೀದಿಗೆ ಬಂದರು. ಕಂಕುಳಲ್ಲಿ ಮಗು, ಕೈಯಲ್ಲಿ ಸ್ಟೀಲಿನ ತಟ್ಟೆ, ಇನ್ನೊಂದು ಕೈಯಲ್ಲಿ ಚಮಚ. ವರ್ಷವಿಡೀ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಸದ್ದಡಗಿಸುವ ಕೈಗಳು ಅಂದು ಬಿಸಿಲಲ್ಲಿ ನಿಂತು ತಟ್ಟೆ ಬಡಿದವು. ಬೇಡಿಕೆಯ ಸರಿ ತಪ್ಪುಗಳ ಚರ್ಚೆ ಏನೇ ಇರಲಿ, ಬಸ್ಸಿನ ಚಕ್ರದ ಹಿಂದೆ ಒಂದು ಒಲೆಯೂ ಇದೆ ಎಂಬುದನ್ನು ನಾಡು ಕಂಡದ್ದು ಆವತ್ತು.

ಅಪಘಾತದ ಮಾತನ್ನು ಈ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಟಿ.ವಿ.ಯಲ್ಲಿ ಮಗುಚಿದ ಕೆಂಪು ಬಸ್ಸು ಕಂಡರೆ ಮೊದಲು ನಂಬರ್ ಪ್ಲೇಟಿನ ಮೇಲೆ ಕಣ್ಣು ಹೋಗುತ್ತದೆ, ಆಮೇಲೆ ರಿಮೋಟಿನ ಮೇಲೆ ಕೈ. ನಿಗಮ ಈಚಿನ ವರ್ಷಗಳಲ್ಲಿ ಅಪಘಾತದಲ್ಲಿ ತೀರಿಕೊಂಡ ನೌಕರರ ಕುಟುಂಬಕ್ಕೆ 1 ಕೋಟಿ ರೂಪಾಯಿ ದೊರೆಯುವ ವಿಮೆ ಮಾಡಿಸಿದೆ. ಬೇರೆ ಕಾರಣಕ್ಕೆ ತೀರಿಕೊಂಡರೆ ಕೊಡುವ ಪರಿಹಾರವನ್ನು 3 ಲಕ್ಷದಿಂದ 10 ಲಕ್ಷಕ್ಕೆ ಏರಿಸಿದೆ. ಜಯದೇವ ಹೃದ್ರೋಗ ಸಂಸ್ಥೆಯ ಜೊತೆ ಸೇರಿ ನೌಕರರ ಎದೆ ತಪಾಸಣೆ ಮಾಡಿಸುತ್ತಿದೆ. 2025ರ ಜನವರಿಯಲ್ಲಿ ನೌಕರರಿಗೂ ಅವರ ಮನೆಯವರಿಗೂ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿದೆ. ಇವೆಲ್ಲ ಒಳ್ಳೆಯ ಕೆಲಸಗಳು, ಮೆಚ್ಚಬೇಕು. ಬಸ್ಸುಗಳಲ್ಲಿ ಇಂದು ಟಿಕೆಟ್ ಹರಿಯುವ ಹೆಂಗಸರಲ್ಲಿ ಕೆಲವರು ಗಂಡ ತೀರಿಕೊಂಡ ಮೇಲೆ ಅನುಕಂಪದ ನೌಕರಿಗೆ ಬಂದವರು ಎಂಬುದನ್ನೂ ನೆನೆಯಬೇಕು. ಕಾಯುತ್ತಿದ್ದವರೇ ಈಗ ಕಾಖಿ ತೊಟ್ಟು ಹೊರಟಿದ್ದಾರೆ. ಅವರ ಮನೆಯಲ್ಲಿ ಕಾಯುವ ಸರದಿ ಅಜ್ಜಿಯದೋ ದೊಡ್ಡ ಮಗಳದೋ ಆಗಿದೆ. ಗಂಡಸರು ಕಾಯುವ ಮನೆಗಳೂ ಇವೆ. ಕಂಡಕ್ಟರ್ ಹೆಂಡತಿಯ ಎರಡನೆಯ ಶಿಫ್ಟು ಮುಗಿಯುವ ಹೊತ್ತಿಗೆ ಬೈಕು ತಂದು ಡಿಪೋ ಗೇಟಿನ ಬಳಿ ನಿಲ್ಲುವ ಗಂಡಂದಿರು, ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು.

ವಿಮೆಗಿಂತ ಮೊದಲು ಈ ಮನೆಗಳಿಗೆ ಬೇಕಾದದ್ದು ಸಣ್ಣದು. ತಿಂಗಳ ಡ್ಯೂಟಿಯ ಪಟ್ಟಿ ತಿಂಗಳು ಶುರುವಾಗುವ ಮೊದಲೇ ಕೈಗೆ ಸಿಗಬೇಕು, ಸಿಕ್ಕದ್ದು ಮತ್ತೆ ಮತ್ತೆ ಬದಲಾಗಬಾರದು. ದೀಪಾವಳಿ, ಯುಗಾದಿ, ಶಿವರಾತ್ರಿ ಮೂರರಲ್ಲಿ ಒಂದಾದರೂ ಹಬ್ಬ ಸರದಿಯ ಮೇಲೆ ಪ್ರತಿ ಚಾಲಕರಿಗೂ ನಿರ್ವಾಹಕರಿಗೂ ಮನೆಯಲ್ಲಿ ದೊರೆಯಬೇಕು. ನೈಟ್ ಹಾಲ್ಟ್ ಇರುವ ಪ್ರತಿ ಊರಿನ ಪಂಚಾಯ್ತಿಯೂ ಒಂದು ಕೋಣೆ, ಒಂದು ಫ್ಯಾನು, ಒಂದು ಶೌಚಾಲಯ ಕೊಡಬೇಕು. ಇದಕ್ಕೆ ಕೋಟಿ ಬೇಡ. ನಿಮ್ಮೂರಿಗೆ ರಾತ್ರಿಯ ಕೊನೆಯ ಬಸ್ಸು ಬಂದು ತಂಗುವುದಾದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಆ ಕೋಣೆಯ ಮಾತು ಎತ್ತಿ. ನಿಮ್ಮ ಬೀದಿಯಲ್ಲಿ ಹಗಲು ಕಂಬಳಿ ಇಳಿಬಿಟ್ಟ ಕಿಟಕಿಯೊಂದಿದ್ದರೆ, ಆ ಮನೆಯ ಮುಂದೆ ಮೈಕು ಕಟ್ಟಬೇಡಿ.